ಮ್ಯಾನ್ಯುಯಲ್ ಗೇರಿನ ಹಳೆಯ ಕಾರುಗಳಿಗೆ ಸ್ಟಾರ್ಟರ್ ಸುರಕ್ಷತಾ ಸ್ವಿಚ್ ಅಳವಡಿಕೆ – ವಾಹನ ಮಾಲೀಕರ ಗಮನಕ್ಕೆ

ಹಳೆಯ ಕಾರುಗಳ ನೋಂದಣಿ ನವೀಕರಣ ಹಾಗೂ ವಿಂಟೇಜ್ ನೋಂದಣಿಗಾಗಿ ಅರ್ಜಿ ಸಲ್ಲಿಸುವ ಮಾಲೀಕರು ತಮ್ಮ ವಾಹನಕ್ಕೆ ಸ್ಟಾರ್ಟರ್ ಸುರಕ್ಷತಾ ಸ್ವಿಚ್ ಅಳವಡಿಸಬಹುದೇ, ಅದಕ್ಕೆ ಅನುಮತಿ ಅವಶ್ಯವೇ, ಅಳವಡಿಸುವ ಸರಿಯಾದ ಕ್ರಮ ಯಾವುದು ಎಂಬ ಬಗ್ಗೆ ವಿಚಾರಿಸುವುದುಂಟು. ಅಂಬಾಸಿಡರ್, ಫಿಯಟ್ 1100, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್ ಹಾಗೂ ವಿಲ್ಲಿಸ್ ಮಾದರಿಯ ಜೀಪುಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ.

ಸ್ವಿಚ್ಚಿನ ಉದ್ದೇಶ

ವಾಹನವು ಗೇರಿನಲ್ಲಿರುವಾಗ ಕ್ಲಚ್ ಒತ್ತದೆ ಕೀಲಿ ತಿರುಗಿಸಿದರೆ, ಸ್ಟಾರ್ಟರ್ ಮೋಟಾರು ಎಂಜಿನ್ನನ್ನು ಮಾತ್ರವಲ್ಲದೆ ಇಡೀ ವಾಹನವನ್ನೇ ಎಳೆಯುತ್ತದೆ. ಮೊದಲನೇ ಗೇರು ಅಥವಾ ರಿವರ್ಸ್ ಗೇರಿನಲ್ಲಿ ಈ ಎಳೆತವು ಕಾರನ್ನು ನಿಂತ ಜಾಗದಿಂದ ಜಿಗಿಸಲು ಸಾಕಾಗುತ್ತದೆ. ಎಂಜಿನ್ ಬಿಸಿಯಾಗಿದ್ದು ಒಂದೇ ಸುತ್ತಿಗೆ ಹತ್ತಿಕೊಂಡಲ್ಲಿ ವಾಹನವು ನಿಲ್ಲದೆ ಮುಂದುವರಿಯುತ್ತದೆ. ಇಂದಿನ ಅನೇಕ ಕಾರುಗಳಲ್ಲಿ ಕ್ಲಚ್ ಪೆಡಲನ್ನು ಪೂರ್ಣ ಒತ್ತದ ಹೊರತು ಸ್ಟಾರ್ಟರ್ ತಿರುಗದಂತೆ ತಯಾರಕರೇ ತಡೆ ಒದಗಿಸಿರುತ್ತಾರೆ. ಮೇಲ್ಕಂಡ ಹಳೆಯ ಕಾರುಗಳಲ್ಲಿ ಇಂತಹ ತಡೆ ಇಲ್ಲ. ಅಮೆರಿಕದಲ್ಲಿ 1968ರಿಂದ ಜಾರಿಗೆ ಬಂದ 102ನೇ ಸಂಖ್ಯೆಯ ಸುರಕ್ಷತಾ ಮಾನಕವೂ ಆಟೊಮ್ಯಾಟಿಕ್ ಗೇರಿನ ವಾಹನಗಳಿಗೆ ಮಾತ್ರ ಈ ತಡೆಯನ್ನು ಕಡ್ಡಾಯಪಡಿಸಿತು.

ಇಂತಹ ಅಪಾಯವು ರಸ್ತೆಗಿಂತ ಹೆಚ್ಚಾಗಿ ಮನೆಯ ಶೆಡ್ಡಿನಲ್ಲಿ, ಅಂಗಳದಲ್ಲಿ ಮತ್ತು ಗ್ಯಾರೇಜಿನಲ್ಲಿ ಎದುರಾಗುತ್ತದೆ. ಹಳೆಯ ಕಾರುಗಳ ಹ್ಯಾಂಡ್ ಬ್ರೇಕ್ ಸಡಿಲವಾಗಿರುವುದರಿಂದ ಅವುಗಳನ್ನು ಗೇರಿನಲ್ಲಿಟ್ಟು ನಿಲ್ಲಿಸುವುದು ರೂಢಿ. ಕೊಡಗು, ಚಿಕ್ಕಮಗಳೂರು ಮುಂತಾದ ಇಳಿಜಾರಿನ ಪ್ರದೇಶಗಳಲ್ಲಿ ಇದು ಅವಶ್ಯವೂ ಹೌದು. ಆದರೆ ರಾತ್ರಿ ಕಾರು ನಿಲ್ಲಿಸಿದವರು ಒಬ್ಬರು, ಬೆಳಿಗ್ಗೆ ಸ್ಟಾರ್ಟ್ ಮಾಡುವವರು ಮತ್ತೊಬ್ಬರು ಆದಾಗ ಅದೇ ಒಳ್ಳೆಯ ರೂಢಿ ಅಪಾಯಕ್ಕೆ ದಾರಿಯಾಗುತ್ತದೆ. ಬಾನೆಟ್ ತೆರೆದು ಮುಂದೆ ನಿಂತವರು, ಶೆಡ್ಡಿನ ಗೋಡೆ ಮತ್ತು ಬಂಪರಿನ ನಡುವೆ ಇರುವವರು, ಬಾಗಿಲು ತೆರೆಯದೆ ಕಿಟಕಿಯೊಳಗೆ ಕೈ ಹಾಕಿ ಕೀಲಿ ತಿರುಗಿಸುವವರು ಹಾಗೂ ಆಟವಾಡುತ್ತಾ ಕೀಲಿ ಮುಟ್ಟುವ ಮಕ್ಕಳು ಈ ಅಪಾಯಕ್ಕೆ ಮೊದಲು ಗುರಿಯಾಗುತ್ತಾರೆ. ಅಂಬಾಸಿಡರ್ ಹಾಗೂ ಪದ್ಮಿನಿಯ ಬಹುತೇಕ ಹಳೆಯ ಕಾರುಗಳಲ್ಲಿ ಗೇರಿನ ಸನ್ನೆಯು ಸ್ಟಿಯರಿಂಗ್ ಕಂಬದ ಮೇಲಿರುತ್ತದೆ. ನೆಲದ ಮೇಲಿನ ಸನ್ನೆಯಲ್ಲಿ ಗೇರು ಬಿದ್ದಿರುವುದು ಒಂದೇ ನೋಟಕ್ಕೆ ತಿಳಿಯುವಂತೆ, ಕಂಬದ ಸನ್ನೆಯಲ್ಲಿ ಅಭ್ಯಾಸವಿಲ್ಲದವರಿಗೆ ತಿಳಿಯುವುದಿಲ್ಲ.

ಕಾನೂನಿನ ಅವಕಾಶ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕರೂ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. 2019ರ ಜನವರಿಯಲ್ಲಿ ಮಾನ್ಯ ಸರ್ವೋಚ್ಚ ನ್ಯಾಯಾಲಯವು ಕೇರಳದಿಂದ ಬಂದ ಮೇಲ್ಮನವಿಯೊಂದರಲ್ಲಿ ಈ ನಿಷೇಧವನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯ ಮೂಲಕ ಸೇರಿಸಲಾದ ಕಲಂ 182ಎ(4)ರ ಅನ್ವಯ, ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾಗೃಹ ವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ನೋಂದಣಿ ಪ್ರಮಾಣಪತ್ರದಲ್ಲಿ ವಾಹನದ ವರ್ಗ, ತಯಾರಕರು, ಬಾಡಿಯ ಬಗೆ, ಬಣ್ಣ, ಇಂಧನ, ಸಿಲಿಂಡರುಗಳ ಸಂಖ್ಯೆ, ಘನ ಸಾಮರ್ಥ್ಯ, ಚಾಸಿ ಮತ್ತು ಎಂಜಿನ್ ಸಂಖ್ಯೆ, ಆಸನಗಳು, ತೂಕ ಮುಂತಾದ ವಿವರಗಳಿರುತ್ತವೆ. ಸ್ಟಾರ್ಟರಿನ ವೈರಿಂಗ್ ಬಗ್ಗೆ ಅದರಲ್ಲಿ ಯಾವ ನಮೂದೂ ಇರುವುದಿಲ್ಲ. ಆದುದರಿಂದ ಪೆಡಲಿನ ಬಳಿ ಒಂದು ಸ್ವಿಚ್ ಮತ್ತು ಒಂದು ರಿಲೇ ಕೂರಿಸುವುದರಿಂದ ಪ್ರಮಾಣಪತ್ರದ ಯಾವ ವಿವರವೂ ಬದಲಾಗುವುದಿಲ್ಲ. ಆದರೆ ಈ ಕೆಲಸದ ಜೊತೆಯಲ್ಲೇ ಎಂಜಿನ್ ಬದಲಾಯಿಸುವುದು ಅಥವಾ ಪೆಟ್ರೋಲ್ ಕಾರಿಗೆ ಡೀಸೆಲ್ ಎಂಜಿನ್ ಕೂರಿಸುವುದು ಬೇರೆಯೇ ವಿಷಯ. ಎಂಜಿನ್ ಬದಲಾವಣೆಗೆ ನೋಂದಣಿ ಪ್ರಾಧಿಕಾರದ ಪೂರ್ವಾನುಮತಿ ಪಡೆಯತಕ್ಕದ್ದು. ಸ್ವಿಚ್ಚಿನ ಬಿಲ್ಲನ್ನು ತೋರಿಸಿ ಎಂಜಿನ್ ಬದಲಾವಣೆಯನ್ನೂ ಸಣ್ಣ ದುರಸ್ತಿಯೆಂದು ಪರಿಗಣಿಸುವಂತೆ ಕೋರಿದಲ್ಲಿ ಅದನ್ನು ಒಪ್ಪಲಾಗುವುದಿಲ್ಲ.

ವಿಂಟೇಜ್ ನೋಂದಣಿ ಬಯಸುವವರು ಹೆಚ್ಚಿನ ಎಚ್ಚರ ವಹಿಸುವುದು ಅವಶ್ಯ. 2021ರ ಜುಲೈ 15ರಂದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಸ್ವಂತ ಬಳಕೆಯ, ಮೂಲ ರೂಪದಲ್ಲಿರುವ ಹಾಗೂ ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಹೊಂದಿರದ ವಾಹನವನ್ನು ಮಾತ್ರ ವಿಂಟೇಜ್ ವಾಹನವೆಂದು ಪರಿಗಣಿಸಲಾಗುತ್ತದೆ. ಉದಾಹರಣೆಗೆ, 1974ರಲ್ಲಿ ಮೊದಲು ನೋಂದಣಿಯಾದ ಪದ್ಮಿನಿಯು 2024ರಲ್ಲಿ 50 ವರ್ಷ ಪೂರೈಸಿರುತ್ತದೆ. ಹೊಸದಾಗಿ ವಿಂಟೇಜ್ ನೋಂದಣಿಗೆ 20,000 ರೂಪಾಯಿ ಹಾಗೂ ಮರುನೋಂದಣಿಗೆ 5,000 ರೂಪಾಯಿ ಶುಲ್ಕವನ್ನು ಈ ನಿಯಮಗಳಲ್ಲಿ ನಿಗದಿಪಡಿಸಲಾಗಿದ್ದು, ನೋಂದಣಿಯು 10 ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ. ಸುರಕ್ಷತಾ ಸ್ವಿಚ್ ಗಣನೀಯ ಮಾರ್ಪಾಡಲ್ಲವಾದರೂ, ಅದಕ್ಕಾಗಿ ಚಾಸಿಗೆ ರಂಧ್ರ ಕೊರೆಯುವುದು, ಬಾಡಿಗೆ ವೆಲ್ಡಿಂಗ್ ಮಾಡುವುದು ಅಥವಾ ಡ್ಯಾಶ್‌ಬೋರ್ಡ್ ಕತ್ತರಿಸುವುದು ಸಲ್ಲದು. ಮೊದಲಿನಿಂದಲೇ ಇರುವ ಬೋಲ್ಟುಗಳಿಗೆ ಪಟ್ಟಿ ಕಟ್ಟಿ, ಬೇಕೆಂದಾಗ ಬಿಚ್ಚಿ ತೆಗೆಯುವಂತೆ ಕೂರಿಸುವುದು ಸೂಕ್ತ. ಬಿಚ್ಚಿದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

ಕ್ಲಚ್ ಸ್ವಿಚ್ ಮತ್ತು ನ್ಯೂಟ್ರಲ್ ಸ್ವಿಚ್

ಸುರಕ್ಷತಾ ಸ್ವಿಚ್ಚುಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಕ್ಲಚ್ ಪೆಡಲಿನ ಬಳಿ ಇದ್ದು, ಪೆಡಲನ್ನು ಪೂರ್ಣ ಒತ್ತಿದಾಗ ಮಾತ್ರ ಸ್ಟಾರ್ಟರಿಗೆ ವಿದ್ಯುತ್ ಬಿಡುತ್ತದೆ. ಎರಡನೆಯದು ಗೇರ್ ಬಾಕ್ಸಿನಲ್ಲಿದ್ದು, ಗೇರು ನ್ಯೂಟ್ರಲ್ಲಿನಲ್ಲಿದ್ದಾಗ ಮಾತ್ರ ವಿದ್ಯುತ್ ಬಿಡುತ್ತದೆ.

ಎರಡನೆಯದೇ ಹೆಚ್ಚು ಸುರಕ್ಷಿತವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಹಳೆಯ ಗೇರ್ ಬಾಕ್ಸುಗಳಲ್ಲಿ ಅದಕ್ಕೆ ಸ್ಥಳಾವಕಾಶವಿರುವುದಿಲ್ಲ. ಕವಚಕ್ಕೆ ರಂಧ್ರ ಕೊರೆದಲ್ಲಿ ಎಣ್ಣೆ ಸೋರುವ ಸಂಭವವಿದೆ. ಆ ತೊಂದರೆ ಬೇಡವೆಂದು ಸ್ವಿಚ್ಚನ್ನು ಸ್ಟಿಯರಿಂಗ್ ಕಂಬದ ಸನ್ನೆಗೇ ಕಟ್ಟುವುದು ಇನ್ನೂ ಅಪಾಯಕರ. ಕಂಬದಿಂದ ಗೇರ್ ಬಾಕ್ಸಿನವರೆಗೆ ಹೋಗುವ ಕಂಬಿಗಳ ಬುಶ್ಶುಗಳು ಸವೆದಿದ್ದಲ್ಲಿ, ಮೇಲೆ ಸನ್ನೆಯು ನ್ಯೂಟ್ರಲ್ಲಿನಲ್ಲಿದ್ದರೂ ಕೆಳಗೆ ಬಾಕ್ಸಿನಲ್ಲಿ ಗೇರು ಬಿದ್ದೇ ಇರಬಹುದು. ಹೀಗೆ ತಪ್ಪು ಹೇಳುವ ಸ್ವಿಚ್ಚಿಗಿಂತ ಸ್ವಿಚ್ ಇಲ್ಲದಿರುವುದೇ ಮೇಲು, ಏಕೆಂದರೆ ಸ್ವಿಚ್ ಇದೆಯೆಂಬ ನಂಬಿಕೆಯಿಂದ ಚಾಲಕರು ತಾವೇ ಪರೀಕ್ಷಿಸುವುದನ್ನು ಬಿಟ್ಟುಬಿಡುತ್ತಾರೆ. ಆದುದರಿಂದ ಮೇಲ್ಕಂಡ ಕಾರುಗಳಿಗೆ ಕ್ಲಚ್ ಸ್ವಿಚ್ ಸೂಕ್ತವಾಗಿರುತ್ತದೆ.

ಕ್ಲಚ್ ಒತ್ತಿ ಸ್ಟಾರ್ಟ್ ಮಾಡಿದರೆ ಕ್ರ್ಯಾಂಕ್ ಶಾಫ್ಟಿನ ಥ್ರಸ್ಟ್ ವಾಷರುಗಳು ಎಣ್ಣೆಯ ಒತ್ತಡ ಏರುವ ಮೊದಲೇ ಭಾರ ಹೊತ್ತು ಸವೆಯುತ್ತವೆ ಎಂಬ ಆಕ್ಷೇಪಣೆ ಹಳೆಯ ಕಾರುಗಳ ಮಾಲೀಕರಲ್ಲಿದೆ. ಇದರಲ್ಲಿ ಹುರುಳಿಲ್ಲದಿಲ್ಲ, ಹೆರಾಲ್ಡ್ ಎಂಜಿನ್ನಿನ ಥ್ರಸ್ಟ್ ವಾಷರುಗಳ ಸವೆತ ಎಲ್ಲರಿಗೂ ತಿಳಿದ ದೌರ್ಬಲ್ಯ. ವಾಷರುಗಳು ಈಗಾಗಲೇ ಸವೆದಿದ್ದಲ್ಲಿ ಮೊದಲು ಅವುಗಳನ್ನು ಬದಲಾಯಿಸುವುದು ಒಳಿತು. ಎಂಜಿನ್ನಿನ ಸವೆತವನ್ನು ದುರಸ್ತಿ ಮಾಡಬಹುದಾಗಿದೆ. ಶೆಡ್ಡಿನ ಗೋಡೆಗೆ ಸಿಕ್ಕಿಕೊಂಡ ಕಾಲಿನ ವಿಷಯ ಹಾಗಲ್ಲ.

ಅಳವಡಿಸುವ ಕ್ರಮ

ಈ ಕೆಲಸವನ್ನು ಅನುಭವವುಳ್ಳ ಆಟೋ ಎಲೆಕ್ಟ್ರಿಷಿಯನ್ ಮೂಲಕವೇ ಮಾಡಿಸತಕ್ಕದ್ದು. ಆದರೂ ಮಾಲೀಕರು ಅದರ ಕ್ರಮವನ್ನು ತಿಳಿದಿರುವುದು ಒಳ್ಳೆಯದು, ಏಕೆಂದರೆ ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಹೊರನೋಟಕ್ಕೆ ಕಾಣುವುದಿಲ್ಲ.

ಮೊದಲ ತಪ್ಪು ಸ್ವಿಚ್ಚಿನ ಆಯ್ಕೆಯಲ್ಲಿ ಆಗುತ್ತದೆ. ಅಂಗಡಿಯಲ್ಲಿ ಸುಲಭವಾಗಿ ದೊರೆಯುವ, ಪೆಡಲಿಗೆ ತಾಗಿಸುವ ಬ್ರೇಕ್ ಲೈಟ್ ಸ್ವಿಚ್ಚನ್ನು ತಂದು ಪೆಡಲಿನ ಮೇಲ್ತುದಿಯಲ್ಲಿ ಕೂರಿಸಲಾಗುತ್ತದೆ. ಪೆಡಲು ತನ್ನ ಜಾಗದಿಂದ ತುಸು ಸರಿದ ಕೂಡಲೇ ಸಂಪರ್ಕ ಕೂಡಿಸುವುದು ಬ್ರೇಕ್ ಲೈಟ್ ಸ್ವಿಚ್ಚಿನ ಸ್ವಭಾವ. ಕ್ಲಚ್ ಬಿಡುವುದು ಪೆಡಲು ಬಹಳಷ್ಟು ಕೆಳಗಿಳಿದ ಮೇಲೆ. ಈ ನಡುವಿನ ಅಂತರದಲ್ಲಿ ಸ್ಟಾರ್ಟರ್ ತಿರುಗುತ್ತದೆ, ಗೇರೂ ಕಚ್ಚಿಕೊಂಡಿರುತ್ತದೆ. ಆದುದರಿಂದ ಒತ್ತಿದಾಗ ಕೂಡುವ ಬಗೆಯ ಸ್ವಿಚ್ಚನ್ನು ಆಯ್ದು, ಪೆಡಲು ತಳ ಮುಟ್ಟುವ ಕಡೆಯಲ್ಲಿ, ಕ್ಲಚ್ ಸಂಪೂರ್ಣ ಬಿಟ್ಟ ನಂತರವೇ ಕೂಡುವಂತೆ ಹೊಂದಿಸತಕ್ಕದ್ದು. ಸ್ವಿಚ್ಚು ಪೆಡಲಿನ ಪೂರ್ಣ ಚಲನೆಗೆ ಅಡ್ಡಿಯಾಗಬಾರದು. ಜೀಪಿನಲ್ಲಿ ಪೆಡಲಿನ ದಂಡ ನೆಲದ ಹಲಗೆಯ ಮೂಲಕ ಕೆಳಗೆ ಹೋಗುವುದರಿಂದ, ಸ್ವಿಚ್ಚನ್ನು ಕೆಸರು ನೀರು ತಾಗುವ ಕೆಳಭಾಗದಲ್ಲಿ ಕೂರಿಸದೆ ಮೇಲ್ಭಾಗದಲ್ಲೇ ಕೂರಿಸುವುದು ಸೂಕ್ತ.

ಎರಡನೆಯ ತಪ್ಪು ವಿದ್ಯುತ್ತಿನ ಪ್ರಮಾಣಕ್ಕೆ ಸಂಬಂಧಿಸಿದ್ದು. ಸ್ಟಾರ್ಟರ್ ಮೋಟಾರು 100 ಆಂಪಿಯರಿಗೂ ಮೀರಿ ವಿದ್ಯುತ್ ಎಳೆಯುತ್ತದೆ. ಸೊಲೆನಾಯ್ಡಿನ ಸುರುಳಿಯೂ ಹಲವು ಆಂಪಿಯರ್ ಎಳೆಯುತ್ತದೆ. ಚಿಕ್ಕ ಪೆಡಲ್ ಸ್ವಿಚ್ ಅಷ್ಟನ್ನು ತಾಳಲಾರದೆ ಸುಟ್ಟುಹೋಗುತ್ತದೆ, ಇಲ್ಲವೇ ಸಂಪರ್ಕದ ತುದಿಗಳು ಅಂಟಿಕೊಂಡು ಸ್ವಿಚ್ ಇದ್ದೂ ಇಲ್ಲದಂತಾಗುತ್ತದೆ. ಆದುದರಿಂದ ನಾಲ್ಕು ತುದಿಗಳ ರಿಲೇ ಒಂದನ್ನು ನಡುವೆ ಹಾಕತಕ್ಕದ್ದು. ಕೀಲಿಯ ಸ್ಟಾರ್ಟ್ ತುದಿಯಿಂದ ಬರುವ ವೈರನ್ನು ಕ್ಲಚ್ ಸ್ವಿಚ್ಚಿನ ಮೂಲಕ ಹಾಯಿಸಿ ರಿಲೇಯ 86ನೇ ತುದಿಗೂ, 85ನೇ ತುದಿಯನ್ನು ಬಾಡಿಗೂ, ಬ್ಯಾಟರಿಯಿಂದ ಫ್ಯೂಸ್ ಮೂಲಕ ಬರುವ ವೈರನ್ನು 30ನೇ ತುದಿಗೂ, 87ನೇ ತುದಿಯನ್ನು ಸೊಲೆನಾಯ್ಡಿನ ಚಿಕ್ಕ ತುದಿಗೂ ಜೋಡಿಸಲಾಗುತ್ತದೆ. 12 ವೋಲ್ಟಿನ ಸಾಮಾನ್ಯ ರಿಲೇಯ ಸುರುಳಿಯು ಒಂದು ಆಂಪಿಯರಿನ ಐದನೇ ಒಂದು ಭಾಗಕ್ಕಿಂತ ಕಡಿಮೆ ವಿದ್ಯುತ್ ಎಳೆಯುವುದರಿಂದ ಪೆಡಲ್ ಸ್ವಿಚ್ಚಿನ ಮೇಲೆ ಹೊರೆ ಬೀಳುವುದಿಲ್ಲ. ಕೆಲಸ ಆರಂಭಿಸುವ ಮೊದಲು ಬ್ಯಾಟರಿಯ ಬಾಡಿ ಕಡೆಯ ಸಂಪರ್ಕವನ್ನು ಬಿಚ್ಚಿಡತಕ್ಕದ್ದು.

ಕೆಲವು ಹಳೆಯ ವಾಹನಗಳು 6 ವೋಲ್ಟಿನವು. ಅವುಗಳಿಗೆ 6 ವೋಲ್ಟಿನ ರಿಲೇ ಬೇಕು. ಇನ್ನು ಕೆಲವುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನೇ ಬಾಡಿಗೆ ಜೋಡಿಸಿರುತ್ತಾರೆ. ಅಂತಹವುಗಳಿಗೆ ಒಳಗೆ ಡಯೋಡ್ ಇರುವ ರಿಲೇ ಹಾಕಬಾರದು.

ಜೀಪಿನ ಕಾಲುಗುಂಡಿಯಂತೆ ಒತ್ತುವ, ಅಥವಾ ಡ್ಯಾಶ್‌ಬೋರ್ಡಿನಿಂದ ಎಳೆಯುವ ಸ್ಟಾರ್ಟರಿನ ವಾಹನಗಳಲ್ಲಿ ಸಮಸ್ಯೆ ಬೇರೆ. ಅವುಗಳಲ್ಲಿ ಬ್ಯಾಟರಿಯಿಂದ ಬರುವ ದಪ್ಪ ಕೇಬಲ್ಲು ನೇರವಾಗಿ ಆ ಗುಂಡಿಯ ಮೂಲಕವೇ ಮೋಟಾರಿಗೆ ಹೋಗುತ್ತದೆ. ನಡುವೆ ಚಿಕ್ಕ ಸ್ವಿಚ್ ಹಾಕಲು ಜಾಗವೇ ಇರುವುದಿಲ್ಲ. ಇದಕ್ಕೆ ಪರಿಹಾರವೆಂದು ಕೆಲವರು ಇಗ್ನಿಷನ್ ಕಾಯಿಲಿಗೆ ಹೋಗುವ ವೈರಿನಲ್ಲಿ ಕ್ಲಚ್ ಸ್ವಿಚ್ ಹಾಕಿಕೊಡುತ್ತಾರೆ. ಇದು ನಿಷ್ಪ್ರಯೋಜಕ. ಕಿಡಿ ಹಾರದೆ ಎಂಜಿನ್ ಹತ್ತಿಕೊಳ್ಳದಿದ್ದರೂ ಸ್ಟಾರ್ಟರ್ ಮೋಟಾರು ತಿರುಗುತ್ತದೆ, ಗೇರಿನಲ್ಲಿರುವ ವಾಹನ ಜಿಗಿಯುತ್ತದೆ. ಅಷ್ಟೇ ಅಲ್ಲದೆ ಓಡುತ್ತಿರುವ ವಾಹನದಲ್ಲಿ ಕ್ಲಚ್‌ನಿಂದ ಕಾಲು ತೆಗೆದ ಕೂಡಲೇ ಎಂಜಿನ್ನೂ ನಿಲ್ಲುತ್ತದೆ. ದಪ್ಪ ಕೇಬಲ್ಲಿಗೆ ಪ್ರತ್ಯೇಕ ಸೊಲೆನಾಯ್ಡ್ ಅಳವಡಿಸಿ, ಅದನ್ನು ಚಿಕ್ಕ ಒತ್ತುಗುಂಡಿ, ಕ್ಲಚ್ ಸ್ವಿಚ್ ಮತ್ತು ರಿಲೇಯ ಮೂಲಕ ನಡೆಸುವುದೇ ಸರಿಯಾದ ಮಾರ್ಗ. ಹಳೆಯ ಕಾಲುಗುಂಡಿಯನ್ನು ಸಂಪರ್ಕ ತಪ್ಪಿಸಿ ಇದ್ದಲ್ಲಿಯೇ ಬಿಡಬಹುದು. ಇದರಿಂದ ವಾಹನದ ಮೂಲ ನೋಟಕ್ಕೂ ಧಕ್ಕೆಯಾಗುವುದಿಲ್ಲ.

ಅಳವಡಿಸಿದ ನಂತರದ ಪರೀಕ್ಷೆ

ಎಲೆಕ್ಟ್ರಿಷಿಯನ್ ಕೆಲಸ ಮುಗಿಯಿತೆಂದು ಹೇಳಿದ ಮಾತ್ರಕ್ಕೆ ವಾಹನವನ್ನು ತೆಗೆದುಕೊಂಡು ಹೋಗತಕ್ಕದ್ದಲ್ಲ. ಸಮತಟ್ಟಾದ ಬಯಲು ಜಾಗದಲ್ಲಿ, ಮುಂದೆ ಹಿಂದೆ ಯಾರೂ ಇಲ್ಲದಿರುವುದನ್ನು ಖಚಿತಪಡಿಸಿಕೊಂಡು, ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಪೆಟ್ರೋಲ್ ವಾಹನವಾದಲ್ಲಿ ಕಾಯಿಲಿನ ವೈರನ್ನೂ ಡೀಸೆಲ್ ವಾಹನವಾದಲ್ಲಿ ಇಂಧನವನ್ನೂ ನಿಲ್ಲಿಸಿ, ಚಾಲಕರ ಆಸನದಲ್ಲಿ ಕುಳಿತೇ ಪರೀಕ್ಷಿಸತಕ್ಕದ್ದು.

ಮೊದಲು ನ್ಯೂಟ್ರಲ್ಲಿನಲ್ಲಿ ಕ್ಲಚ್ ಮುಟ್ಟದೆ ಕೀಲಿ ತಿರುಗಿಸಿದಾಗ ಸ್ಟಾರ್ಟರ್ ತಿರುಗಬಾರದು. ಪೆಡಲನ್ನು ಅರ್ಧ ಒತ್ತಿದಾಗಲೂ ತಿರುಗಬಾರದು. ಬಹಳ ವಾಹನಗಳು ತಪ್ಪುವುದು ಈ ಅರ್ಧ ಪೆಡಲಿನ ಹಂತದಲ್ಲಿಯೇ. ಪೂರ್ಣ ಒತ್ತಿದಾಗ ತಿರುಗಬೇಕು. ನಂತರ ಮೊದಲನೇ ಗೇರಿನಲ್ಲಿಟ್ಟು ಪೆಡಲನ್ನು ಪೂರ್ಣ ಒತ್ತಿ ಕೀಲಿ ತಿರುಗಿಸಿದಾಗ ಸ್ಟಾರ್ಟರ್ ತಿರುಗಿದರೂ ವಾಹನ ಅಲುಗಬಾರದು. ಅಲುಗಿದಲ್ಲಿ ದೋಷವಿರುವುದು ಕ್ಲಚ್ಚಿನಲ್ಲಿ, ಅಥವಾ ಸ್ವಿಚ್ ಬೇಗ ಕೂಡುತ್ತಿದೆ. ಇದನ್ನು ರಿವರ್ಸ್ ಗೇರಿನಲ್ಲಿಯೂ ನೋಡತಕ್ಕದ್ದು. ಕೊನೆಯದಾಗಿ ಪೆಡಲ್ ಸ್ವಿಚ್ಚಿನ ಒಂದು ವೈರನ್ನು ಕಳಚಿ ಪರೀಕ್ಷಿಸಿದಾಗ ಸ್ಟಾರ್ಟರ್ ಯಾವ ಸ್ಥಿತಿಯಲ್ಲಿಯೂ ತಿರುಗಬಾರದು. ವೈರು ಕಳಚಿದರೂ ತಿರುಗುವಂತಿದ್ದರೆ ಸ್ವಿಚ್ಚಿಗೆ ಜೋಡಣೆಯೇ ತಪ್ಪಾಗಿದೆ.

ಕ್ಲಚ್ ಪ್ಲೇಟ್ ಸವೆದಂತೆ ಪೆಡಲಿನ ಆಟ ಬದಲಾಗುವುದರಿಂದ, ಪ್ರತಿ ಬಾರಿ ಕ್ಲಚ್ ಸರಿಪಡಿಸಿದ ನಂತರ ಈ ಪರೀಕ್ಷೆಗಳನ್ನು ಪುನಃ ಮಾಡತಕ್ಕದ್ದು.

ಸ್ವಿಚ್ ತಡೆಯಲಾರದ ಸಂದರ್ಭಗಳು

ಕ್ಲಚ್ ಸ್ವಿಚ್ಚಿಗೆ ತಿಳಿಯುವುದು ಪೆಡಲು ಕೆಳಗಿದೆ ಎಂಬುದು ಮಾತ್ರ; ಗೇರು ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ಎಂಜಿನ್ ಹತ್ತಿಕೊಂಡ ಮೇಲೆ ಗೇರಿನಲ್ಲಿಯೇ ಕ್ಲಚ್ ಬಿಟ್ಟರೆ ವಾಹನ ಜಿಗಿಯುತ್ತದೆ. ಕ್ಲಚ್ಚಿನ ಎಣ್ಣೆ ಸೋರಿ ಪೆಡಲು ಸುಮ್ಮನೆ ತಳ ಮುಟ್ಟುವ ಕಾರಿನಲ್ಲಿ ಸ್ವಿಚ್ ಇದ್ದೂ ಪ್ರಯೋಜನವಿಲ್ಲ. ಹ್ಯಾಂಡಲ್ ಹಾಕಿ ತಿರುಗಿಸಿ ಸ್ಟಾರ್ಟ್ ಮಾಡುವಾಗ ಸ್ವಿಚ್ಚಿಗೆ ಯಾವ ಪಾತ್ರವೂ ಇಲ್ಲ. ಹ್ಯಾಂಡಲ್ ತಿರುಗಿಸುವವರು ಬಂಪರಿನ ಮುಂದೆಯೇ ನಿಂತಿರುವುದರಿಂದ, ಆ ಹೊತ್ತಿನಲ್ಲಿ ಗೇರನ್ನು ಕೈಯಿಂದಲೇ ಅಲುಗಾಡಿಸಿ ನೋಡುವುದರ ಹೊರತು ಅನ್ಯ ಮಾರ್ಗವಿಲ್ಲ.

ಕೆಲವು ಹಳೆಯ ಕಾರುಗಳ ಸೊಲೆನಾಯ್ಡಿನ ಮೇಲೆ ರಬ್ಬರ್ ಹೊದಿಸಿದ ಗುಂಡಿಯೊಂದಿರುತ್ತದೆ. ಮೆಕ್ಯಾನಿಕ್ಕರು ಬಾನೆಟ್ಟಿನ ಬಳಿ ನಿಂತೇ ಅದನ್ನು ಒತ್ತಿ ಎಂಜಿನ್ ತಿರುಗಿಸುತ್ತಾರೆ. ಗುಂಡಿ ಇಲ್ಲದ ಕಡೆ ಸ್ಕ್ರೂ ಡ್ರೈವರನ್ನು ಸೊಲೆನಾಯ್ಡಿನ ಎರಡು ತುದಿಗಳಿಗೆ ಅಡ್ಡ ಹಿಡಿಯುವುದೂ ಉಂಟು. ಎರಡೂ ಸಂದರ್ಭಗಳಲ್ಲಿ ಸುರಕ್ಷತಾ ಸ್ವಿಚ್ ಪೂರ್ಣವಾಗಿ ತಪ್ಪಿಹೋಗುತ್ತದೆ. ಸಾಧ್ಯವಾದಲ್ಲಿ ಗುಂಡಿ ಇಲ್ಲದ ಸೊಲೆನಾಯ್ಡ್ ಹಾಕಿಸಿ, ತುದಿಗಳ ಮೇಲೆ ರಬ್ಬರ್ ಟೋಪಿ ಹೊದಿಸುವುದು ಸೂಕ್ತ.

ವಾಹನ ರೈಲ್ವೆ ಹಳಿಯ ಮೇಲೆ ಕೆಟ್ಟು ನಿಂತರೆ ಗೇರಿನಲ್ಲಿಟ್ಟು ಸ್ಟಾರ್ಟರಿನಿಂದಲೇ ದಾಟಿಸಬಹುದೆಂದು ಹಿಂದೆ ಚಾಲಕರಿಗೆ ಹೇಳಿಕೊಡಲಾಗುತ್ತಿತ್ತು. ಸುರಕ್ಷತಾ ಸ್ವಿಚ್ ಇರುವ ವಾಹನದಲ್ಲಿ ಇದು ಸಾಧ್ಯವಾಗುವುದಿಲ್ಲ. ಬ್ರಾಡ್‌ಗೇಜ್ ಮಾರ್ಗಗಳಲ್ಲಿನ ಕಾವಲುರಹಿತ ಗೇಟುಗಳನ್ನು 2019ರ ಜನವರಿಯ ಹೊತ್ತಿಗೆ ತೆಗೆದುಹಾಕಲಾಗಿದ್ದರೂ, ತೋಟದ ಇಳಿಜಾರು ಹಾಗೂ ನೀರು ತುಂಬಿದ ಅಂಡರ್‌ಪಾಸುಗಳಲ್ಲಿ ಈ ಅನುಕೂಲವನ್ನು ಬಿಟ್ಟುಕೊಡಲು ಇಚ್ಛಿಸದ ಮಾಲೀಕರಿದ್ದಾರೆ. ಅಂತಹವರು ಕ್ಲಚ್ ಸ್ವಿಚ್ಚನ್ನು ತಪ್ಪಿಸುವ ಪ್ರತ್ಯೇಕ ಗುಂಡಿ ಹಾಕಿಸುವುದಾದಲ್ಲಿ, ಅದು ಕೈ ತೆಗೆದ ಕೂಡಲೇ ಹಿಂದಿರುಗುವ ಸ್ಪ್ರಿಂಗ್ ಗುಂಡಿಯಾಗಿರತಕ್ಕದ್ದು. ಆಸನದಲ್ಲಿ ಕುಳಿತವರಿಗೆ ಮಾತ್ರ ಎಟಕುವಂತಿದ್ದು, ಕಿಟಕಿಯಿಂದ ಕೈಗೆ ಸಿಗಬಾರದು. ಹಾಕಿದಂತೆಯೇ ಉಳಿಯುವ ಸ್ವಿಚ್ ಇಟ್ಟಲ್ಲಿ, ಅದು ಕೆಲವೇ ದಿನಗಳಲ್ಲಿ ಶಾಶ್ವತವಾಗಿ ಹಾಕಿಯೇ ಇರುತ್ತದೆ.

ತಪಾಸಣೆಗೆ ವಾಹನವನ್ನು ಹಾಜರುಪಡಿಸುವಾಗ

ಖಾಸಗಿ ಕಾರಿನ ನೋಂದಣಿಯು ಕಲಂ 41ರ ಅನ್ವಯ 15 ವರ್ಷಗಳವರೆಗೆ ಊರ್ಜಿತದಲ್ಲಿದ್ದು, ಅನಂತರ ಐದು ವರ್ಷಗಳ ಅವಧಿಗೆ ನವೀಕರಿಸಲ್ಪಡುತ್ತದೆ. ನವೀಕರಣದ ಅರ್ಜಿಯನ್ನು ನಮೂನೆ 25ರಲ್ಲಿ, ಅವಧಿ ಮುಗಿಯುವ ದಿನಾಂಕಕ್ಕೆ 60 ದಿನಗಳಿಗಿಂತ ಮುಂಚಿತವಲ್ಲದಂತೆ ಸಲ್ಲಿಸತಕ್ಕದ್ದು. ವಾಹನವನ್ನು ತಪಾಸಣೆಗೆ ತಂದಾಗ, ಅದಕ್ಕೆ ಕ್ಲಚ್ ಸ್ವಿಚ್ ಇರುವುದನ್ನು ಮೋಟಾರು ವಾಹನ ನಿರೀಕ್ಷಕರಿಗೆ ಮೊದಲೇ ತಿಳಿಸುವುದು ಒಳ್ಳೆಯದು. ಹಳೆಯ ಅಂಬಾಸಿಡರನ್ನು ಬಲ್ಲವರು ಕ್ಲಚ್ ಒತ್ತದೆಯೇ ಕೀಲಿ ತಿರುಗಿಸುವ ಅಭ್ಯಾಸವುಳ್ಳವರಾಗಿದ್ದು, ಸ್ಟಾರ್ಟರ್ ತಿರುಗದಿದ್ದಲ್ಲಿ ವಾಹನ ಕೆಟ್ಟಿದೆಯೆಂದು ಭಾವಿಸುವುದು ಸಹಜ. ಕೀಲಿಯ ಪಕ್ಕದಲ್ಲಿ ‘ಕ್ಲಚ್ ಪೂರ್ಣ ಒತ್ತಿ ಸ್ಟಾರ್ಟ್ ಮಾಡಿ’ ಎಂಬ ಚಿಕ್ಕ ಚೀಟಿ ಅಂಟಿಸಿದಲ್ಲಿ ಬದಲಿ ಚಾಲಕರಿಗೂ, ಗ್ಯಾರೇಜಿನವರಿಗೂ, ಮುಂದೆ ವಾಹನ ಕೊಳ್ಳುವವರಿಗೂ ಅನುಕೂಲ.

ಎಡಗಾಲಿನ ಬಳಕೆ ಸಾಧ್ಯವಿಲ್ಲದ ಚಾಲಕರಿಗಾಗಿ ಕೈಯಿಂದ ನಡೆಯುವ ಕ್ಲಚ್ ಅಳವಡಿಸಿದ ವಾಹನಗಳಲ್ಲಿ, ಸ್ವಿಚ್ಚನ್ನು ಪೆಡಲಿಗೆ ಬದಲಾಗಿ ಆ ಕೈಸನ್ನೆಯ ಚಲನೆಗೆ ಹೊಂದಿಸತಕ್ಕದ್ದು.

ಸ್ವಿಚ್, ರಿಲೇ ಮತ್ತು ಕೂಲಿಯ ಬಿಲ್ಲು, ವೈರಿಂಗಿನ ಕೈಬರಹದ ನಕ್ಷೆ ಹಾಗೂ ಅಳವಡಿಸುವ ಮೊದಲಿನ ಮತ್ತು ನಂತರದ ಛಾಯಾಚಿತ್ರಗಳನ್ನು ವಾಹನದ ದಾಖಲೆಗಳೊಂದಿಗೆ ಇಟ್ಟುಕೊಳ್ಳತಕ್ಕದ್ದು. ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು ಸೂಕ್ತ. ನಿರ್ದಿಷ್ಟ ವಾಹನದ ಬಗ್ಗೆ ಸಂದೇಹವಿರುವ ಮಾಲೀಕರು, ಕೆಲಸ ಮಾಡಿಸುವ ಮೊದಲೇ, ನೋಂದಣಿ ಪ್ರಮಾಣಪತ್ರದ ಪ್ರತಿ ಹಾಗೂ ಮೇಲ್ಕಂಡ ನಕ್ಷೆಯೊಂದಿಗೆ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಗೆ ಲಿಖಿತ ಮನವಿ ಸಲ್ಲಿಸಿ, ಹಿಂಬರಹ ಪಡೆದುಕೊಳ್ಳಬಹುದಾಗಿದೆ.